ಹುಲ್ಲು, ಮೆಷಿನ್, ಅಂಗಡಿ: ನೀವು ಕೇಳಿದ್ದು, ನಾವು ಹೇಳಿದ್ದು

ಮಳೆ ಹಿಡಿದ ಮೇಲೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹುಲ್ಲಿನದೇ. ಅಡಿಕೆ ತೋಟದ ಹುಲ್ಲು, ಕಾಫಿ ಗಿಡದ ಬುಡದ ಹುಲ್ಲು, ಪೇಟೆ ಮನೆ ಮುಂದಿನ ಲಾನು. ಈ ತಿಂಗಳು ಯಂತ್ರದ ಅಂಗಡಿ ಇಡಲು ಹೊರಟ ಹುಡುಗರೊಬ್ಬರ ಪತ್ರವೂ ಇದೆ. ನಾನೂ ಅದೇ ವ್ಯಾಪಾರದಲ್ಲಿ ಇರುವುದರಿಂದ ಅದಕ್ಕೆ ಉದ್ದಕ್ಕೇ ಬರೆದಿದ್ದೇನೆ. ಜಾಗ ಸಾಲದೆ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಹಾಕಿಲ್ಲ.

ಪ್ರಶ್ನೆ: ಮನೆ ಮುಂದೆ 20 ಅಡಿ ಅಗಲ, 25 ಅಡಿ ಉದ್ದದ ಲಾನ್ ಇದೆ. ಮೆಕ್ಸಿಕನ್ ಹುಲ್ಲು ಹಾಕಿಸಿದ್ದೇವೆ. ಅಂಗಡಿಯವರು ಪೆಟ್ರೋಲ್ ಮೋವರ್ ತಗೊಂಡುಬಿಡಿ, ಒಂದೇ ಸಲ ಖರ್ಚು ಅಂತಾರೆ. ನಮ್ಮ ಯಜಮಾನರಿಗೆ 68 ವರ್ಷ. ಯಾವುದು ಒಳ್ಳೇದು? (ಕುವೆಂಪುನಗರ, ಮೈಸೂರು)

ಉತ್ತರ: ಪೆಟ್ರೋಲ್ ಮೋವರ್ ಬೇಡಮ್ಮ. 500 ಚದರ ಅಡಿಗೆ ಅದು ದಂಡ. ಹದಿನೈದು ನಿಮಿಷದ ಕೆಲಸಕ್ಕೆ ಇಂಜಿನ್, ಆಯಿಲ್, ಪ್ಲಗ್, ಫಿಲ್ಟರ್ ಅಂತ ವರ್ಷವಿಡೀ ನೋಡಿಕೊಳ್ಳಬೇಕು, ಎತ್ತಿ ಇಡುವುದಕ್ಕೂ ಭಾರ. ಕೈಯಲ್ಲಿ ತಳ್ಳುವ ರೀಲ್ ಮೋವರ್ ನಿಮಗೆ ಸಾಕು. ಉರುಳೆಯ ಸುತ್ತ ಐದಾರು ಬ್ಲೇಡ್ ತಿರುವಿಕೊಂಡಿರುತ್ತವೆ, ಕೆಳಗೆ ಒಂದು ಚಪ್ಪಟೆ ಬ್ಲೇಡ್ ಅಲುಗಾಡದೆ ಕೂತಿರುತ್ತದೆ. ಎರಡರ ನಡುವೆ ಸಿಕ್ಕಿದ ಹುಲ್ಲು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೀಟಾಗಿ ತುಂಡಾಗುತ್ತದೆ. ಪೆಟ್ರೋಲ್ ಮೋವರ್‌ಗಳಲ್ಲಿ ಹೆಚ್ಚಿನವು ಬೇರೆ ಥರ. ಅವುಗಳಲ್ಲಿ ಒಂದೇ ಬ್ಲೇಡ್ ನೆಲಕ್ಕೆ ಸಮಾನಾಂತರವಾಗಿ ಜೋರಾಗಿ ತಿರುಗಿ ಹುಲ್ಲನ್ನು ಹೊಡೆದು ತುಂಡು ಮಾಡುತ್ತದೆ. ರೀಲ್ ಮೋವರ್ ಹಳೇ ಕಾಲದ್ದು ಅಂತ ಅಸಡ್ಡೆ ಬೇಡ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್, ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲೆ ಎದ್ದ ನೂಲನ್ನು ಸವರುವ ಯಂತ್ರ ನೋಡಿಕೊಂಡು ಮಾಡಿದ ಮೊದಲ ಲಾನ್ ಮೋವರ್ ಇದೇ ರೀತಿಯದು. ಇವತ್ತಿಗೂ ಕ್ರಿಕೆಟ್ ಪಿಚ್, ಗಾಲ್ಫ್ ಮೈದಾನದ ಸಣ್ಣ ಹುಲ್ಲನ್ನು ರೀಲ್‌ನಲ್ಲೇ ಕತ್ತರಿಸುತ್ತಾರೆ.

ಒಂದು ಷರತ್ತು ಇದೆ. ಹುಲ್ಲು ಎತ್ತರ ಬಿಟ್ಟರೆ ಈ ಮೋವರ್ ಕೈಕೊಡುತ್ತದೆ, ಕತ್ತರಿಸದೆ ಹುಲ್ಲನ್ನು ಮಲಗಿಸಿ ಮುಂದೆ ಹೋಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಓಡಿಸಲೇಬೇಕು. ಒಂದೂವರೆ ಇಂಚಿನ ಹತ್ತಿರ ಇಟ್ಟುಕೊಳ್ಳಿ, ಯಾವತ್ತೂ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದವರು ಒಂದೇ ದಿನ ಬೋಳು ಮಾಡಿಬಿಡುತ್ತಾರೆ, ಕೆಳಗಿನ ಹಳದಿ ಕಡ್ಡಿ ಬಿಸಿಲಿಗೆ ಬಿದ್ದು ಲಾನ್ ಸುಟ್ಟ ಹಾಗೆ ಕಾಣುತ್ತದೆ, ಆಮೇಲೆ ರೋಗ ಬಂತು ಅಂತ ಔಷಧಿ ಹೊಡೆಸುತ್ತಾರೆ. ಮೆಕ್ಸಿಕನ್ ಹುಲ್ಲನ್ನು ಕತ್ತರಿಸದೇ ಬಿಟ್ಟರೆ ಅಲ್ಲಲ್ಲಿ ಉಬ್ಬಿ ಗುಡ್ಡೆ ಗುಡ್ಡೆಯಾಗುತ್ತದೆ, ಅದನ್ನು ಸರಿ ಮಾಡುವುದು ದೊಡ್ಡ ಕಷ್ಟ.

ಬ್ಲೇಡ್ ಹರಿತ ಇದೆಯಾ ನೋಡುವುದು ಸುಲಭ. ನ್ಯೂಸ್ ಪೇಪರಿನ ಒಂದು ಪಟ್ಟಿಯನ್ನು ಎರಡು ಬ್ಲೇಡ್‌ಗಳ ಮಧ್ಯೆ ಹಿಡಿದು ಉರುಳೆಯನ್ನು ನಿಧಾನಕ್ಕೆ ತಿರುಗಿಸಿ. ಕೈ ಬೆರಳು ದೂರ ಇರಲಿ. ಪೇಪರ್ ಸದ್ದಿಲ್ಲದೆ ಕತ್ತರಿಸಿದರೆ ಸರಿ ಇದೆ, ಮಡಚಿಕೊಂಡರೆ ಕೆಳಗಿನ ಬ್ಲೇಡ್‌ನ ಸ್ಕ್ರೂ ಸ್ವಲ್ಪ ಬಿಗಿ ಮಾಡಬೇಕು. ಯಜಮಾನರಿಗೆ ತಳ್ಳುವುದು ಕಷ್ಟ ಅನ್ನಿಸಿದರೆ ಮಾತ್ರ ಕರೆಂಟಿನ ಮೋವರ್ ನೋಡಿ. ಆಗ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರುವ ಲೈನಿನಿಂದಲೇ ಕನೆಕ್ಷನ್ ಕೊಡಿ, ವೈರ್ ಹೆಗಲ ಮೇಲೆ ಹಾಕಿಕೊಂಡು ಹಿಂದೆ ಬರುವ ಹಾಗೆ ನಡೆಯಿರಿ, ಒದ್ದೆ ಹುಲ್ಲಿನ ಮೇಲೆ ಖಂಡಿತ ಬೇಡ.

ಪ್ರಶ್ನೆ: ಮಾವಿನ ಮರದ ಕೆಳಗೆ ಎಷ್ಟು ಸಲ ಹುಲ್ಲು ಹಾಕಿಸಿದರೂ ಆರು ತಿಂಗಳಿಗೆ ನೆಲ ಕಾಣುತ್ತದೆ. ಮಣ್ಣು ಬದಲಿಸಬೇಕಾ? (ಬನಶಂಕರಿ, ಬೆಂಗಳೂರು)

ಉತ್ತರ: ಮಣ್ಣಿನ ತಪ್ಪಲ್ಲ, ನೆರಳಿನದು. ಗರಿಕೆ ಜಾತಿಯ ಹುಲ್ಲಿಗೆ ಬಿಸಿಲು ಬೇಕೇ ಬೇಕು, ಮೆಕ್ಸಿಕನ್‌ಗೂ ದಟ್ಟ ನೆರಳು ಆಗದು. ಸ್ವಲ್ಪವಾದರೂ ಬೆಳಕು ಬೀಳುವ ಕಡೆ ನರ್ಸರಿಯಲ್ಲಿ ಬಫಲೋ ಗ್ರಾಸ್ ಅಂತ ಸಿಗುವ ಅಗಲ ಎಲೆಯದ್ದು ಹಾಕಿ. ಬುಡದ ಸುತ್ತ ಹುಲ್ಲೇ ಬೇಡ, ಉದುರಿದ ಎಲೆಯನ್ನು ಹಾಗೇ ಬಿಡಿ. ಬುಡಕ್ಕೆ ಹೊಸ ಮಣ್ಣು ಏರಿಸಿ ಲಾನ್ ಮಾಡುವ ಕಂಟ್ರಾಕ್ಟರ್ ಮಾತು ಕೇಳಬೇಡಿ. ಬೇರಿಗೆ ಗಾಳಿ ಆಡದೆ ಮರಕ್ಕೇ ಪೆಟ್ಟು.

ಪ್ರಶ್ನೆ: ನಮ್ಮ ಬ್ರಷ್ ಕಟರ್ (ಹೆಗಲಿಗೆ ಹಾಕಿಕೊಂಡು ಹುಲ್ಲು ಹೊಡೆಯುವ ಮೆಷಿನ್) ಕಳೆದ ನವೆಂಬರಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಒರೆಸಿ ಕೊಟ್ಟಿಗೆಯಲ್ಲಿ ಇಟ್ಟಿದ್ದೆವು. ಈಗ ಹಗ್ಗ ಎಳೆದು ಎಳೆದು ತೋಳು ನೋವು ಬಂತು, ಸ್ಟಾರ್ಟ್ ಆಗುತ್ತಿಲ್ಲ. ಮೆಕ್ಯಾನಿಕ್ ಕಾರ್ಬುರೇಟರ್ ಹೊಸದು ಹಾಕಬೇಕು ಅಂತಾನೆ. (ತೀರ್ಥಹಳ್ಳಿ)

ಉತ್ತರ: ಜೂನ್‌ನಲ್ಲಿ ವರ್ಕ್‌ಶಾಪಿಗೆ ಬರುವ ಹತ್ತು ಮೆಷಿನ್ ತೆಗೆದುಕೊಂಡರೆ ಬಹುಪಾಲು ಇದೇ ಕಥೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರನ್ನು ಬದಲಿಸುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ಇಡುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತಾ? ಇದ್ದಿದ್ದರೆ ಕಾರಣ ಅಲ್ಲೇ ಇದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ನಮ್ಮ ಮಲೆನಾಡಿನ ಕೊಟ್ಟಿಗೆಯಲ್ಲಿ ತೇವಕ್ಕೇನು ಬರ. ನೀರು ಜಾಸ್ತಿಯಾದರೆ ಎಥೆನಾಲ್ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಆರಿ ಉಳಿದ ಅಂಟು ಕಾರ್ಬುರೇಟರಿನ ಸಣ್ಣ ತೂತುಗಳಲ್ಲಿ ಕೂರುತ್ತದೆ. ಒಳಗೆ ಒಂದು ತೆಳು ರಬ್ಬರ್ ಪೊರೆ ಇದೆ, ಡಯಾಫ್ರಾಮ್ ಅಂತಾರೆ, ಅದು ಗಟ್ಟಿಯಾಗಿ ಬಳುಕುವುದನ್ನೇ ಬಿಡುತ್ತದೆ. ಹೊಸ ಕಾರ್ಬುರೇಟರಿಗಿಂತ ಡಯಾಫ್ರಾಮ್ ಕಿಟ್ ಎಷ್ಟೋ ಅಗ್ಗ. ಮೊದಲು ಅದನ್ನು ಹಾಕಿ ನೋಡಲು ಹೇಳಿ.

ಅದಕ್ಕೂ ಮುಂಚೆ ನೀವೇ ಮಾಡಬಹುದಾದದ್ದು ಇದೆ. ಹಳೇ ಪೆಟ್ರೋಲನ್ನು ನೆಲಕ್ಕೆ ಚೆಲ್ಲದೆ ಪೂರ್ತಿ ಡಬ್ಬಿಗೆ ಇಳಿಸಿ, ಟ್ಯಾಂಕಿನೊಳಗೆ ಪೈಪಿನ ತುದಿಯಲ್ಲಿರುವ ಫಿಲ್ಟರನ್ನು ತಂತಿಯ ಕೊಕ್ಕೆಯಿಂದ ಹೊರಗೆಳೆದು ನೋಡಿ. ಕಪ್ಪಾಗಿದ್ದರೆ ಬದಲಿಸಿ. ಏರ್ ಫಿಲ್ಟರ್ ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಪ್ಲಗ್ ಬಿಚ್ಚಿ. ಪ್ಲಗ್ಗಿನ ತುದಿ ಕಾಫಿ ಪುಡಿ ಬಣ್ಣಕ್ಕಿದ್ದರೆ ಇಂಜಿನ್ ಆರೋಗ್ಯವಾಗಿದೆ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಜಾಸ್ತಿ ಬೆರೆಸಿದ್ದೀರಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗೆ ಸುಟ್ಟ ಹಾಗಿದ್ದರೆ ಮೆಷಿನ್ ಮತ್ತೆ ಓಡಿಸಲೇಬೇಡಿ. ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ, ಹಾಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪ್ಲಗ್ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಚೋಕ್ ಜಾಸ್ತಿ ಆಗಿದೆ ಅಷ್ಟೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆ ಹಗ್ಗ ನಾಲ್ಕಾರು ಸಲ ಎಳೆದು ಒಣಗಿಸಿ ಮತ್ತೆ ಹಾಕಿ.

ಆಯಿಲ್ ಲೆಕ್ಕ ಪ್ರತಿ ವರ್ಷ ಬರೆಯುತ್ತೇನೆ, ಈ ವರ್ಷವೂ ಬರೆಯುತ್ತೇನೆ, ಯಾಕೆಂದರೆ ಇಂಜಿನ್ ಸಾಯುವುದು ಇದರಲ್ಲೇ. ಟೂ ಸ್ಟ್ರೋಕ್ ಮೆಷಿನ್‌ಗೆ ಪುಸ್ತಕದಲ್ಲಿ 1:50 ಅಂತ ಇದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, 1:25 ಅಂತ ಇದ್ದರೆ ಲೀಟರಿಗೆ 40 ಮಿಲಿ. ಕಂಪನಿ ಹೇಳಿದ ಆಯಿಲ್ ಹಾಕಿದರೆ ಮಾತ್ರ 1:50, ಸಿಕ್ಕಿದ ಆಯಿಲ್‌ಗೆ ಆ ಲೆಕ್ಕ ಹಿಡಿಯಬೇಡಿ. ಬಾಟಲಿ ಮುಚ್ಚಳದ ಅಂದಾಜು ಬೇಡ, ಔಷಧಿ ಅಂಗಡಿಯಲ್ಲಿ ಸಿಗುವ ಸಿರಿಂಜ್ ಇಟ್ಟುಕೊಳ್ಳಿ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಹಾಗೇ ಇಲ್ಲ, ಇಂಜಿನ್ನಿಗೆ ಬೇರೆ ಹಾಕಬೇಕು. ಮನೆಯಲ್ಲಿ ಎರಡೂ ಥರದ ಮೆಷಿನ್ ಇದ್ದರೆ ಕ್ಯಾನಿನ ಮೇಲೆ ಪೇಂಟಿನಲ್ಲಿ ಬರೆದಿಡಿ. ಕೆಲಸದವರು ಬದಲಾದ ದಿನವೇ ತಪ್ಪು ಕ್ಯಾನ್ ಕೈಗೆ ಬರುವುದು. ಬೆರೆಸಿದ ಪೆಟ್ರೋಲ್ ತಿಂಗಳಿಗಿಂತ ಹೆಚ್ಚು ಇಡಬೇಡಿ. ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಮೆಷಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಎತ್ತಿಡಿ.

ಪ್ರಶ್ನೆ: ನೈಲಾನ್ ದಾರವೋ, ಬ್ಲೇಡೋ? ಮೂರು ವರ್ಷದ ಅಡಿಕೆ ಸಸಿ, ಮಧ್ಯೆ ಬಾಳೆ, ಡ್ರಿಪ್ ಪೈಪ್ ಇದೆ. (ಪುತ್ತೂರು)

ಉತ್ತರ: ಎಳೆ ಹುಲ್ಲಿಗೆ ನೈಲಾನ್, ಬಲಿತ ಕಡ್ಡಿ, ಪೊದೆಗೆ ಬ್ಲೇಡ್. ಆದರೆ ನಿಮ್ಮ ತೋಟದಲ್ಲಿ ಸಸಿಯ ಬುಡಕ್ಕೆ ಎರಡೂ ಬೇಡ. ನೈಲಾನ್ ದಾರ ಮೆತ್ತಗಿದೆ, ಏನೂ ಆಗಲ್ಲ ಅಂತ ಜನ ತಿಳಿದಿದ್ದಾರೆ. ಎಳೆಯ ಕಾಂಡಕ್ಕೆ ಅದು ತಗುಲಿದರೆ ಮೈ ಸೀಳುತ್ತದೆ, ಮಳೆಗಾಲದಲ್ಲಿ ಆ ಗಾಯದಿಂದ ಕೊಳೆ ಒಳಗೆ ಹೋಗುತ್ತದೆ. ಕಾಫಿ, ಮಾವು, ಜಾಯಿಕಾಯಿ ಗಿಡವಾದರೆ ಸುತ್ತ ತೊಗಟೆ ಎದ್ದು ಬಂದು ಗಿಡವೇ ಒಣಗುತ್ತದೆ. ಬುಡದ ಸುತ್ತ ಒಂದೂವರೆ ಅಡಿ ಕತ್ತಿಯಲ್ಲೇ ಸವರಿ ಸೊಪ್ಪು ಮುಚ್ಚಿ, ಆಚೆಯದಕ್ಕೆ ಮೆಷಿನ್ ಹಾಕಿ. ಡ್ರಿಪ್ ಪೈಪನ್ನು ಹುಲ್ಲು ಹೊಡೆಯುವ ದಿನ ಎತ್ತಿ ಸಸಿಗೆ ಸುತ್ತಿಡಿ, ಬೇರೆ ಉಪಾಯ ನನಗೆ ಗೊತ್ತಿಲ್ಲ.

ಮಣ್ಣು ಕಾಣುವ ಹಾಗೆ ಬೋಳಿಸಬೇಡಿ. ಎರಡು ಮೂರು ಇಂಚು ಹುಲ್ಲು ಉಳಿದರೆ ಮಳೆಗೆ ಮಣ್ಣು ಕೊಚ್ಚಿ ಹೋಗುವುದಿಲ್ಲ, ಅಡಿಕೆಯ ಬೇರು ಮೇಲೆಯೇ ಇರುವುದರಿಂದ ಅದಕ್ಕೂ ಒಳ್ಳೇದು. ನೈಲಾನ್ ದಾರ ಪದೇ ಪದೇ ತುಂಡಾಗುತ್ತಿದ್ದರೆ ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ. ಒಣಗಿದ ನೈಲಾನ್ ಮುರಿಯುತ್ತದೆ, ನೀರು ಕುಡಿದರೆ ಮತ್ತೆ ಬಳುಕುತ್ತದೆ.

ಪ್ರಶ್ನೆ: ಪಕ್ಕದ ತೋಟದಲ್ಲಿ ಹುಲ್ಲು ಹೊಡೆಯುವಾಗ ಕಲ್ಲು ಸಿಡಿದು ಕೆಲಸದವರ ಕಣ್ಣಿಗೆ ಪೆಟ್ಟಾಯಿತು. ನಮ್ಮಲ್ಲೂ ಇಬ್ಬರು ಮೆಷಿನ್ ಹಿಡಿಯುತ್ತಾರೆ. ಕನ್ನಡಕ ಕೊಟ್ಟರೆ ಬೆವರು, ಕಾಣಿಸಲ್ಲ ಅಂತ ತೆಗೆದಿಡುತ್ತಾರೆ. ಏನು ಮಾಡಲಿ? (ಕೊಪ್ಪ)

ಉತ್ತರ: ನೀವು ಕೇಳಿದ್ದು ದೊಡ್ಡ ವಿಷಯ. ಕನ್ನಡಕ ಹಾಕದಿದ್ದರೆ ಆ ದಿನ ಮೆಷಿನ್ ಕೈಗೆ ಕೊಡಬೇಡಿ, ಕೆಲಸ ನಿಂತರೂ ಪರವಾಗಿಲ್ಲ. ಬೆವರು ಕಟ್ಟುವುದು ನಿಜ. ಅದಕ್ಕೆ ಜಾಲರಿ ಇರುವ ಮುಖದ ಕವಚ ಬರುತ್ತದೆ, ಗಾಳಿ ಆಡುತ್ತದೆ, ಮಳೆ ಹನಿಗೆ ಮಂಜೂ ಕಟ್ಟುವುದಿಲ್ಲ. ಆದರೆ ಸಣ್ಣ ಚೂರು ಜಾಲರಿಯಲ್ಲಿ ತೂರಿ ಬರಬಹುದು, ಒಳಗೆ ಕನ್ನಡಕ ಬೇಕೇ ಬೇಕು. ಕಾಲಿಗೆ ಗಮ್ ಬೂಟು, ಮೊಣಕಾಲ ತನಕ ಗಾರ್ಡು. ಕಿವಿಗೆ ಪ್ಲಗ್, ಯಾಕೆಂದರೆ ಇಡೀ ದಿನ ಆ ಸದ್ದು ಕೇಳಿದವರಿಗೆ ವಯಸ್ಸಾಗುವ ಮುಂಚೆಯೇ ಕಿವಿ ಮಂದವಾಗುತ್ತದೆ.

ಮೆಷಿನ್ ಶುರು ಮಾಡುವ ಮುಂಚೆ ಆ ಜಾಗದಲ್ಲಿ ಒಂದು ಸುತ್ತು ನಡೆದು ಕಲ್ಲು, ಬೇಲಿ ತಂತಿಯ ತುಂಡು, ಗರಟೆ, ಬಾಟಲಿ ಹೆಕ್ಕಬೇಕು. 15 ಮೀಟರ್ ಒಳಗೆ ಇನ್ನೊಬ್ಬರು ಇರಬಾರದು. ನಮ್ಮಲ್ಲಿ ಒಬ್ಬ ಹೊಡೆಯುತ್ತಿರುತ್ತಾನೆ, ಇನ್ನೊಬ್ಬರು ಹಿಂದೆಯೇ ಹುಲ್ಲು ರಾಶಿ ಹಾಕುತ್ತಿರುತ್ತಾರೆ, ನಾಯಿ, ಮಕ್ಕಳೂ ಅಲ್ಲೇ. ಅದು ನಿಲ್ಲಬೇಕು. ಬ್ಲೇಡ್ ತಿರುಗುವ ದಿಕ್ಕು ಕೆಲಸದವರಿಗೆ ತೋರಿಸಿಕೊಡಿ. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬೀಸುವಾಗ ಕತ್ತರಿಸಬೇಕು, ವಾಪಸ್ ತರುವಾಗ ಸುಮ್ನೆ ತರಬೇಕು. ಬ್ಲೇಡಿನ ಮುಂಭಾಗದ ಬಲ ಮೂಲೆ ಗಟ್ಟಿ ಮರದ ಕೊರಡಿಗೋ ಕಲ್ಲಿಗೋ ತಾಗಿದರೆ ಮೆಷಿನ್ ಒಮ್ಮೆಲೇ ಹಿಂದಕ್ಕೆ, ಪಕ್ಕಕ್ಕೆ ಒದೆಯುತ್ತದೆ. ಕಾಲಿಗೆ ಗಾಯ ಆಗುವುದು ಬಹುಪಾಲು ಹೀಗೆಯೇ. ದೊಡ್ಡ ಬ್ಲೇಡ್ ಹಾಕಲು ಅಡ್ಡ ಬರುತ್ತದೆ ಅಂತ ಪ್ಲಾಸ್ಟಿಕ್ ಗಾರ್ಡ್ ಬಿಚ್ಚಿ ಬಿಸಾಕಿದ ಮೆಷಿನ್‌ಗಳನ್ನು ವಾರಕ್ಕೊಂದಾದರೂ ನೋಡುತ್ತೇನೆ. ಕಲ್ಲು ಕಣ್ಣಿಗೆ ಬರುವುದು ಅಲ್ಲಿಂದಲೇ.

ಇನ್ನೊಂದು ಕೆಲಸ ಈ ವಾರವೇ ಮಾಡಿ. ಆ ಇಬ್ಬರಿಗೂ ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸಾವಾದರೆ 2 ಲಕ್ಷ, ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋದರೆ 1 ಲಕ್ಷ. ಅದು ಸಾಲುತ್ತೆ ಅಂತ ಹೇಳುತ್ತಿಲ್ಲ. ನಮ್ಮ ತೋಟದಲ್ಲಿ ಕಣ್ಣು ಕಳೆದುಕೊಂಡವರ ಆಸ್ಪತ್ರೆ ಖರ್ಚು ನಮ್ಮದೇ, ಇದರಲ್ಲಿ ಚರ್ಚೆ ಇಲ್ಲ.

ಪ್ರಶ್ನೆ: ಸಬ್ಸಿಡಿಯಲ್ಲಿ ತಗೊಂಡರೆ ಒಂದು ರೇಟು, ಕ್ಯಾಶ್ ಕೊಟ್ಟರೆ ಬೇರೆ ಅಂಗಡಿಯಲ್ಲಿ ಇನ್ನೊಂದು ರೇಟು. ಯಾವುದು ಲಾಭ? (ಶಿಕಾರಿಪುರ)

ಉತ್ತರ: ಎರಡನ್ನೂ ಬರವಣಿಗೆಯಲ್ಲಿ ತಗೊಳ್ಳಿ, ಮಾಡೆಲ್ ನಂಬರ್ ಸಮೇತ. ಬಹಳ ಸಲ ಹೋಲಿಸುತ್ತಿರುವುದು ಒಂದೇ ಮೆಷಿನ್ ಆಗಿರುವುದಿಲ್ಲ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ನಮ್ಮ ರಾಜ್ಯದಲ್ಲಿ ಸಾಮಾನ್ಯ ವರ್ಗದವರಿಗೆ 50%, ಪರಿಶಿಷ್ಟ ಜಾತಿ, ಪಂಗಡದವರಿಗೆ 90% ವರೆಗೆ ಸಹಾಯಧನ ಕೊಡುತ್ತಾ ಬಂದಿದ್ದಾರೆ, ಪ್ರತಿ ಯಂತ್ರಕ್ಕೂ ಒಂದು ಮಿತಿ ಇರುತ್ತದೆ. ಇಲಾಖೆಯ ಪಟ್ಟಿಯಲ್ಲಿರುವ ಕಂಪನಿ, ಮಾಡೆಲ್‌ಗೆ ಮಾತ್ರ. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ, ಆಧಾರ್ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಈ ವರ್ಷ ಅನುದಾನ ಉಳಿದಿದೆಯಾ ಅಂತ ಮೊದಲು ಕೇಳಿ, ಆಮೇಲೆ ಅಂಗಡಿ. ನಿಮ್ಮ ಪಾಲಿನ ಹಣಕ್ಕೆ ಬಿಲ್ ಇರಲಿ, ಬಿಲ್‌ನಲ್ಲಿ ಇಲ್ಲದ ಒಂದು ರೂಪಾಯಿಯನ್ನೂ ಕೊಡಬೇಡಿ. ವರ್ಷಕ್ಕೆ ನಾಲ್ಕು ದಿನ ಬೇಕಾಗುವ ದೊಡ್ಡ ಯಂತ್ರವನ್ನು ಸಬ್ಸಿಡಿ ಇದೆ ಅಂತ ಕೊಳ್ಳಬೇಡಿ, 2014ರಿಂದ ನಡೆಯುತ್ತಿರುವ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ.

ಪ್ರಶ್ನೆ: ಮೆಕ್ಯಾನಿಕಲ್ ಇಂಜಿನಿಯರಿಂಗ್ ಮಾಡಿ ಬೆಂಗಳೂರಲ್ಲಿ ಕೆಲಸದಲ್ಲಿದ್ದೆ, ಈಗ ಊರಿಗೆ ಬಂದಿದ್ದೇನೆ. ಹೈವೇ ಪಕ್ಕ ಅಪ್ಪನ ಸೈಟ್ ಇದೆ. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಉಳಿದದ್ದು ಬ್ಯಾಂಕ್ ಸಾಲ. ಒಂದು ಕಂಪನಿಯವರು ಡೀಲರ್‌ಶಿಪ್ ಕೊಡುತ್ತೇವೆ, ಶೋರೂಮ್ ಹೀಗೇ ಇರಬೇಕು, ಮೊದಲ ಸ್ಟಾಕ್ ಇಷ್ಟು ಎತ್ತಬೇಕು ಅಂತಿದ್ದಾರೆ. ಅಣ್ಣಾ, ಇಳಿಯಬಹುದಾ? (ಸಾಗರ)

ಉತ್ತರ: ಇಳಿಯಬಹುದು, ಆದರೆ ಶೋರೂಮಿನಿಂದ ಶುರು ಮಾಡಬೇಡಿ. ವರ್ಕ್‌ಶಾಪಿನಿಂದ ಶುರು ಮಾಡಿ.

ಮೊದಲು ಒಂದು ಕೆಲಸ. ಬೈಕ್ ತಗೊಂಡು ನಿಮ್ಮ ಸುತ್ತಲಿನ ಹಳ್ಳಿಗಳಲ್ಲಿ ತಿರುಗಿ ಯಾರ ಮನೆಯಲ್ಲಿ ಯಾವ ಮೆಷಿನ್ ಇದೆ, ಕೆಟ್ಟರೆ ಎಲ್ಲಿಗೆ ಒಯ್ಯುತ್ತಾರೆ, ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಅಂತ ಕೇಳಿ. ಜುಲೈನಲ್ಲಿ ಬ್ರಷ್ ಕಟರ್ ಎಂಟು ದಿನ ವರ್ಕ್‌ಶಾಪಿನಲ್ಲಿ ಕೂತರೆ ತೋಟದಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ. ಆ ಎಂಟು ದಿನವನ್ನು ಎರಡು ದಿನ ಮಾಡಿಕೊಡುವವನ ಹತ್ತಿರ ಜನ ಮುಂದಿನ ಮೆಷಿನನ್ನೂ ತಗೊಳ್ಳುತ್ತಾರೆ, ನೂರು ಇನ್ನೂರು ರೂಪಾಯಿ ಜಾಸ್ತಿ ಇದ್ದರೂ. ಮೆಷಿನ್ ಮಾರಿದಾಗ ಉಳಿಯುವ ಹಣ ತೆಳು, ಪಕ್ಕದ ಅಂಗಡಿ ಮತ್ತು ಆನ್‌ಲೈನ್ ಎರಡೂ ಅದನ್ನು ಇನ್ನೂ ತೆಳು ಮಾಡುತ್ತವೆ. ಅಂಗಡಿ ಬಾಡಿಗೆ, ಹುಡುಗರ ಸಂಬಳ ಹುಟ್ಟುವುದು ಸ್ಪೇರ್ ಮತ್ತು ರಿಪೇರಿಯಲ್ಲಿ. ಹಾಗಾಗಿ ಮೊದಲ ಸಂಬಳ ಒಳ್ಳೆಯ ಮೆಕ್ಯಾನಿಕ್‌ಗೆ ಇಡಿ, ಸೇಲ್ಸ್‌ಮನ್ ಆಮೇಲೆ. ಗಾಜಿನ ಶೋರೂಮಿಗೆ ಹಾಕುವ ದುಡ್ಡಲ್ಲಿ ಸ್ಟಾರ್ಟರ್ ಹಗ್ಗ, ಸ್ಪ್ರಿಂಗ್, ಡಯಾಫ್ರಾಮ್ ಕಿಟ್, ಕ್ಲಚ್ ಶೂ, ಪ್ಲಗ್, ಆಕ್ಸಿಲರೇಟರ್ ಕೇಬಲ್, ಗೇರ್ ಹೆಡ್, ನೈಲಾನ್ ಹೆಡ್ ತುಂಬಿಸಿಡಿ. ಮಳೆಗಾಲದಲ್ಲಿ ಇವು ಕೌಂಟರಿನಲ್ಲಿ ಇಲ್ಲ ಅಂದರೆ ಗಿರಾಕಿ ಎರಡನೇ ಸಲ ಮೆಟ್ಟಿಲು ಹತ್ತುವುದಿಲ್ಲ.

ನಮ್ಮ ಕಡೆ ವ್ಯಾಪಾರ ತೋಟದ ಪಂಚಾಂಗ ನೋಡಿಕೊಂಡು ನಡೆಯುತ್ತದೆ. ಮೇ ತಿಂಗಳಲ್ಲಿ ಅಡಿಕೆಯ ಕೊಳೆ ರೋಗದ ಔಷಧಿಗೆ ಪಂಪು, ಹೋಸು, ಗನ್ನು. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಸಂಜೆಯೇ ಪಂಪಿಗೆ ಶುದ್ಧ ನೀರು ಹಾಯಿಸಬೇಕು, ಮೈಲುತುತ್ತ ಕಬ್ಬಿಣ ತಿನ್ನುತ್ತದೆ ಅಂತ ಮಾರುವಾಗಲೇ ಹೇಳಿ, ಇಲ್ಲದಿದ್ದರೆ ಜುಲೈಯಲ್ಲಿ ಎರಡನೇ ಸುತ್ತಿಗೆ ಎಲ್ಲರೂ ಒಂದೇ ದಿನ ಪಂಪ್ ಹೊತ್ತು ಬರುತ್ತಾರೆ. ಜೂನಿನಿಂದ ಅಕ್ಟೋಬರ್ ಬ್ರಷ್ ಕಟರ್. ಆಮೇಲೆ ಅಡಿಕೆ ಗೊನೆ ಕೊಯ್ಲಿಗೆ ದೋಟಿ (ಉದ್ದ ಕೋಲು), ಅಡಿಕೆ ಸುಲಿಯುವ ಯಂತ್ರ. ಫೆಬ್ರವರಿಯಿಂದ ಏಪ್ರಿಲ್ ಕೌಂಟರ್ ಖಾಲಿ ಹೊಡೆಯುತ್ತದೆ, ಆದರೆ ಬಡ್ಡಿ ನಿಲ್ಲುವುದಿಲ್ಲ. ಆ ಮೂರು ತಿಂಗಳ ಖರ್ಚನ್ನು ಮಳೆಗಾಲದಲ್ಲೇ ಎತ್ತಿಡುವವನು ಉಳಿಯುತ್ತಾನೆ. ಆ ಸಮಯದಲ್ಲಿ ಸರ್ವಿಸ್ ಕ್ಯಾಂಪ್ ಮಾಡಿ. ಊರ ಸೊಸೈಟಿಯ ಎದುರು ಒಂದು ಭಾನುವಾರ ಕೂತು, ಫಿಲ್ಟರ್, ಪ್ಲಗ್, ಗ್ರೀಸು ನೋಡಿ ಕೊಟ್ಟರೆ ಜೂನಿನ ನೂಕುನುಗ್ಗಲು ಅರ್ಧ ಇಳಿಯುತ್ತದೆ.

ಈಗ ಕಂಪನಿಯ ಮಾತು. ಏರಿಯಾ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಯಾವುದೂ ಲೆಕ್ಕಕ್ಕಿಲ್ಲ, ಕರಾರಿನಲ್ಲಿ ಏನಿದೆ ನೋಡಿ. ನಿಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬ ಡೀಲರ್‌ನನ್ನು ಹಾಕುವುದಿಲ್ಲ ಅಂತ ಬರೆದಿದೆಯಾ? ಮಾರದೆ ಉಳಿದ ಮಾಡೆಲ್ ನಿಂತುಹೋದರೆ ವಾಪಸ್ ತಗೊಳ್ಳುತ್ತಾರಾ? ನೀವು ಬಿಟ್ಟರೆ ಅಥವಾ ಅವರೇ ಬಿಡಿಸಿದರೆ ಸ್ಪೇರ್ ಸ್ಟಾಕಿನ ಗತಿ ಏನು? ವಾರಂಟಿಯಲ್ಲಿ ನೀವು ಹಾಕಿದ ಭಾಗದ ಹಣ, ಮೆಕ್ಯಾನಿಕ್ ಕೂಲಿ ಎಷ್ಟು ದಿನಕ್ಕೆ ಬರುತ್ತದೆ? ಈ ನಾಲ್ಕಕ್ಕೆ ಕಾಗದದ ಮೇಲೆ ಉತ್ತರ ಸಿಗುವವರೆಗೆ ಚೆಕ್ ಬರೆಯಬೇಡಿ. ವರ್ಷದ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸಲು ಇನ್ನೊಂದು ಲೋಡ್ ಎತ್ತಿ, ಸ್ಕೀಮ್ ಇದೆ ಅಂತ ಫೋನ್ ಬರುತ್ತದೆ. ಮಾರ್ಚಿನಲ್ಲಿ ಎತ್ತಿದ ಲೋಡ್ ಜೂನ್ ತನಕ ಗೋದಾಮಿನಲ್ಲಿ ಬಡ್ಡಿ ತಿನ್ನುತ್ತದೆ. ಸ್ಕೀಮಿನ ರಿಯಾಯಿತಿಯನ್ನೂ ಆ ಬಡ್ಡಿಯನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದ ಮೇಲೆ ಹೂಂ ಅನ್ನಿ.

ಸ್ಟಾಕ್ ಜಾಸ್ತಿ ಇಟ್ಟವರಿಗೆ ಏನಾಗಬಹುದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮತ್ತು ಬಹಳಷ್ಟು ಕೃಷಿ ಯಂತ್ರಗಳ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿಯಿತು. ರೈತರಿಗೆ ತುಂಬಾ ಒಳ್ಳೆಯದಾಯಿತು, ಆಗಲೇಬೇಕಿತ್ತು. ಆದರೆ ಇಳಿಯುತ್ತದೆ ಅಂತ ಸುದ್ದಿ ಬಂದ ದಿನದಿಂದ ಗಿರಾಕಿಗಳು ಕಾಯತೊಡಗಿದರು. 12% ಕಟ್ಟಿ ತಂದ ಮಾಲನ್ನು 5%ಕ್ಕೆ ಬಿಲ್ ಮಾಡಿದಾಗ ವ್ಯತ್ಯಾಸದ ತೆರಿಗೆ ಕ್ರೆಡಿಟ್ ಆಗಿ ಲೆಡ್ಜರಿನಲ್ಲಿ ಕೂತಿತು. ಮುಂದಿನ ತೆರಿಗೆಗೆ ವಜಾ ಆಗುತ್ತದೆ ನಿಜ, ಆ ತಿಂಗಳ ಸಂಬಳ ಕೊಡಲು ಬರುವುದಿಲ್ಲ. ಗೋದಾಮು ತುಂಬಿಸಿಕೊಂಡವರಿಗೆ ಕಷ್ಟ ಜಾಸ್ತಿ ಆಯಿತು. ನೀವು ಮಾರುವ ಪ್ರತಿ ವಸ್ತು, ತೆರಿಗೆ ದರ ಗೊತ್ತುಮಾಡುವ ಯಾವ ಎಚ್‌ಎಸ್‌ಎನ್ ಕೋಡಿಗೆ ಬರುತ್ತದೆ ಅಂತ ಆಡಿಟರ್ ಹತ್ತಿರ ಕೂತು ಪಟ್ಟಿ ಮಾಡಿಸಿ, ಎಲ್ಲಕ್ಕೂ ಒಂದೇ ದರ ಅಂದುಕೊಳ್ಳಬೇಡಿ. ಮುಂದೆ ಟ್ರ್ಯಾಕ್ಟರ್‌ಗೆ ಕೈ ಹಾಕಿದರೆ ಆರ್‌ಟಿಒ ಕಚೇರಿಯಿಂದ ಟ್ರೇಡ್ ಸರ್ಟಿಫಿಕೇಟ್ ಬೇಕು, ಅದಿಲ್ಲದೆ ನೋಂದಣಿ ಆಗದ ಗಾಡಿಯನ್ನು ಡೆಮೊಗೆ ರಸ್ತೆಗಿಳಿಸುವ ಹಾಗಿಲ್ಲ. ಮೊದಲ ಎರಡು ವರ್ಷ ಟ್ರ್ಯಾಕ್ಟರ್ ಬೇಡ ಅಂತಲೇ ನನ್ನ ಸಲಹೆ. ಸಾಗರ, ಹೊಸನಗರದ ಕಡೆ ಗದ್ದೆಗಿಂತ ತೋಟ ಹೆಚ್ಚುತ್ತಿದೆ, ಸಣ್ಣ ಯಂತ್ರವೇ ಓಡುತ್ತದೆ.

ಉದ್ರಿ ವಿಚಾರ ನೀವು ಬರೆದಿಲ್ಲ, ಆದರೆ ಹೊಸ ಅಂಗಡಿ ಮುಳುಗುವುದು ಅದರಲ್ಲಿ. ಅಡಿಕೆ ಮಂಡಿಗೆ ಹಾಕಿದ ಮೇಲೆ ಕೊಡುತ್ತೇನೆ ಅಂತ ಬರುವವರು ಮೋಸಗಾರರಲ್ಲ, ಅವರ ಕೈಗೆ ದುಡ್ಡು ಬರುವುದೇ ಆಗ. ಮೆಷಿನ್ ಉದ್ರಿ ಕೊಡಬೇಡಿ, ಬ್ಯಾಂಕ್ ಅಥವಾ ಸೊಸೈಟಿ ಸಾಲಕ್ಕೆ ಕೊಟೇಶನ್ ಮಾಡಿಕೊಡಿ, ಜೊತೆಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ. ಸ್ಪೇರ್ ಮತ್ತು ರಿಪೇರಿಗೆ ಗೊತ್ತಿರುವವರಿಗೆ ಒಂದು ಮಿತಿ ಇಟ್ಟು ಕೊಡಿ, ಪುಸ್ತಕದಲ್ಲಿ ಅವರ ಸಹಿ ಇರಲಿ. ನೆಂಟರಿಗೂ ಅದೇ ನಿಯಮ. ಇದನ್ನು ಮೊದಲ ದಿನವೇ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಎರಡು ವರ್ಷ ಕೊಟ್ಟು ಆಮೇಲೆ ನಿಲ್ಲಿಸಿದರೆ ಮಾತು ಬಿಡುತ್ತಾರೆ.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ ಬ್ರಷ್ ಕಟರ್‌ನ ಗೇರ್ ಮೂರನೇ ತಿಂಗಳಿಗೇ ಹೋಯಿತು. ಊರಿನ ಡೀಲರ್ ಮುಟ್ಟುವುದಿಲ್ಲ ಅಂತಾರೆ, ಮಾರಿದವರು ಫೋನ್ ಎತ್ತುವುದಿಲ್ಲ. (ಹಾಸನ)

ಉತ್ತರ: ಊರಿನ ಡೀಲರ್ ಮೇಲೆ ಸಿಟ್ಟಾಗಬೇಡಿ. ಆ ಕಂಪನಿಯ ಭಾಗ ಅವರ ಹತ್ತಿರ ಇರುವುದಿಲ್ಲ, ಬೇರೆಯದು ಕೂಡಿಸಲು ಹೋದರೆ ಕೆಟ್ಟ ಹೆಸರು ಅವರಿಗೆ. ನೀವು ಗೇರ್ ಹೆಡ್‌ಗೆ ಗ್ರೀಸ್ ಹಾಕಿದ್ದಿರಾ ಅನ್ನುವುದನ್ನು ಮಾರಿದವರು ಕೇಳೇ ಕೇಳುತ್ತಾರೆ. ದಿನವಿಡೀ ಓಡುವ ಮೆಷಿನ್‌ಗೆ ವಾರಕ್ಕೊಮ್ಮೆ ಅಲ್ಲ, ಎರಡು ಮೂರು ದಿನಕ್ಕೊಮ್ಮೆ ಗೇರ್ ಹೆಡ್ ಮೇಲಿನ ಸ್ಕ್ರೂ ಬಿಚ್ಚಿ ಗ್ರೀಸ್ ನೋಡಬೇಕು. ಹಾಕಿದ್ದರೆ ಧೈರ್ಯವಾಗಿ ಮುಂದೆ ಹೋಗಿ. ಬಿಲ್, ವಾರಂಟಿ ಕಾರ್ಡ್, ಇಂಜಿನ್ ನಂಬರಿನ ಫೋಟೊ, ಮುರಿದ ಗೇರಿನ ಫೋಟೊ ಎತ್ತಿಡಿ, ಮೆಷಿನ್ ಬಿಚ್ಚಿಸಬೇಡಿ. ಮಾರಿದವರಿಗೂ ಕಂಪನಿಗೂ ಇಮೇಲ್ ಹಾಕಿ, ಫೋನ್ ಮಾತಿಗೆ ಸಾಕ್ಷಿ ಇಲ್ಲ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಬಹಳಷ್ಟು ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ ಇದೆ. ಆನ್‌ಲೈನಿನಲ್ಲಿ ಕೊಂಡರೂ 2019ರ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಅಲ್ಲಿಯವರೆಗೆ ಈ ಮಳೆಗಾಲದ ಹುಲ್ಲಿಗೆ ಬಾಡಿಗೆಯ ಮೆಷಿನ್ ತಂದು ಕೆಲಸ ಮುಗಿಸಿ, ಆ ಬಾಡಿಗೆಯ ರಸೀದಿಯನ್ನೂ ದೂರಿನ ಜೊತೆ ಲಗತ್ತಿಸಿ.